ಮಣ್ಣಿಗೆ ಹೋಗುವ ವ್ಯಾನು

ನಮ್ಮ ಕಿಸಿಮಾ ಲೇನಿನಲ್ಲಿ ಕಳ್ಳತನ ಆಗುತ್ತಿದ್ದುದು ಹಾಡಹಗಲಿನಲ್ಲಿ, ಅದರಲ್ಲೂ ಮನೆಯವರೆಲ್ಲ ಯಾರದೋ ಮಣ್ಣಿಗೆಂದು ಹಳ್ಳಿಗೆ ಹೋದ ದಿನ. ಸಂಜೆ ಅತ್ತು ಸುಸ್ತಾಗಿ, ಕಾಲಿಗೆ ಕೆಂಪು ಮಣ್ಣು ಮೆತ್ತಿಕೊಂಡು ಬಂದು ಬಾಗಿಲು ತಳ್ಳಿದರೆ ಟೀವಿ ಇರುತ್ತಿರಲಿಲ್ಲ, ಗ್ಯಾಸ್ ಸಿಲಿಂಡರ್ ಇರುತ್ತಿರಲಿಲ್ಲ. ಮುಕೋಸೆ ಮೇಷ್ಟರ ಮನೆಯಲ್ಲಂತೂ ಹಾಸಿಗೆಯನ್ನೂ ಸುತ್ತಿಕೊಂಡು ಹೋಗಿದ್ದರು. ಅಪ್ಪನಿಗೆ ಅತ್ತು ಮುಗಿಸುವ ಮುಂಚೆ ಹಾಸಿಗೆಗೂ ಅಳಬೇಕಾಯಿತಲ್ಲ ಎಂದು ಮೇಷ್ಟರ ಹೆಂಡತಿ ಹೇಳಿದಾಗ ನಮಗೆ ನಗುವೂ ಬಂದಿತ್ತು, ಸಂಕಟವೂ ಆಗಿತ್ತು.

ಜಿಂಜಾ ಪಟ್ಟಣದಲ್ಲಿ ದುಡಿಯುವ ನಮಗೆಲ್ಲ ನಮ್ಮದೆನ್ನುವ ನೆಲ ಇರುವುದು ಹಳ್ಳಿಯಲ್ಲೇ. ಸತ್ತವರನ್ನು ಅಲ್ಲಿಯ ಬಾಳೆತೋಟದಲ್ಲೇ ಮಣ್ಣು ಮಾಡಬೇಕು, ಲೇನಿನವರೆಲ್ಲ ಜೊತೆಗೆ ಹೋಗಬೇಕು. ಹಾಗೆ ಹೋಗಲು ನಮಗಿದ್ದದ್ದು ಪ್ಯಾಟ್ರಿಕ್ ಇಸಿಕೋನ ವ್ಯಾನು. ಬೇರೆಯವರು ಸಾವಿನ ಮನೆಯೆಂದರೆ ಬಾಡಿಗೆ ಏರಿಸುತ್ತಿದ್ದರು. ಇಸಿಕೋ ಪೆಟ್ರೋಲಿನ ಖರ್ಚಷ್ಟೇ ತೆಗೆದುಕೊಳ್ಳುತ್ತಿದ್ದ. ಹಳ್ಳಿ ತಲುಪಿದ ಮೇಲೆ ನೆರಳಲ್ಲಿ ಮಲಗುವ ಡ್ರೈವರ್ ಅಲ್ಲ ಅವನು. ಅಂಗಿ ಬಿಚ್ಚಿ, ಗುದ್ದಲಿ ಹಿಡಿದು ಗುಂಡಿ ಮುಚ್ಚಲು ನಿಲ್ಲುತ್ತಿದ್ದ. ನನ್ನ ತಾಯಿಗೆ ಉಸಿರು ಕಟ್ಟಿದ ದಿನ ಆಸ್ಪತ್ರೆಗೆ ಹೊತ್ತು ಓಡಿದವನೂ ಅವನೇ. ಲೇನಿನ ಸಮಿತಿಯಲ್ಲಿ ಅವನಿಗೊಂದು ಕುರ್ಚಿ ಇತ್ತು. ಅವನು ಮಾತಾಡಿದರೆ ಎಲ್ಲರೂ ಕೇಳುತ್ತಿದ್ದರು.

ಅದೇ ಸಮಿತಿಯಲ್ಲಿ ಕಾವಲಿನ ಹೊಣೆ ಲೋವಿಸಾ ನಾಂಗೋಬಿಯದು. ನಾವು ಕರೆಯುತ್ತಿದ್ದುದು ಲೋವಿಸಕ್ಕ ಎಂದು. ಲೇನು ಶುರುವಾಗುವಲ್ಲಿ ಮೀನು ಹುರಿದು ಮಾರುವ ಎತ್ತರದ ಹೆಂಗಸು, ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರಿಗಿಂತ ಮುಂಚೆ ಆ ಹೊಣೆ ಹೊತ್ತಿದ್ದವನು ಮನೆ ಬದಲಿಸಿ ಹೋದಾಗ ಗಂಡಸರು ಯಾರೂ ಮುಂದೆ ಬರಲಿಲ್ಲ. ಹೇಗೂ ದಿನವಿಡೀ ಒಲೆ ಮುಂದೆ ಕೂತಿರ್ತೀಯಲ್ಲ, ಬರೋರು ಹೋಗೋರನ್ನ ನೋಡ್ಕೋ ಎಂದು ಚೇರ್ಮನ್ನರು ಅವರ ಹೆಸರು ಸೂಚಿಸಿದರಂತೆ. ಹೊಸದಾಗಿ ಬಾಡಿಗೆಗೆ ಬಂದವರು ಮೊದಲು ಅವರನ್ನು ಕಾಣಬೇಕಿತ್ತು. ಯಾರ ಮೇಲಾದರೂ ಅನುಮಾನ ಬಂದರೆ ನಾವೂ ಅವರಿಗೇ ಹೇಳುತ್ತಿದ್ದೆವು.

ಅವರದೊಂದು ಕಟ್ಟುನಿಟ್ಟು ಇತ್ತು: ಬೀದಿಯಲ್ಲಿ ಯಾರನ್ನೂ ಕಳ್ಳ ಎಂದು ಕೂಗಬಾರದು. ಹಿಂದಿನ ವರ್ಷ ರೈಲು ಹಳಿಯ ಆಚೆಯ ಬೀದಿಯಲ್ಲಿ ಯಾರೋ ಹಾಗೆ ಕೂಗಿದ್ದರು. ಜನ ಸೇರಿ ಒಬ್ಬ ಯುವಕನನ್ನು ಕಲ್ಲಿನಿಂದ ಹೊಡೆದು ಕೊಂದರು. ಅವನು ಅಕ್ಕನ ಮನೆ ಹುಡುಕಿಕೊಂಡು ಬಂದವನೆಂದು ಆಮೇಲೆ ಗೊತ್ತಾಯಿತು. ಮೀನು ತರಲು ಹೋಗಿದ್ದ ಲೋವಿಸಕ್ಕ ಅದನ್ನು ಕಣ್ಣಾರೆ ಕಂಡಿದ್ದರು. ಮೊದಲು ಕೂಗಿದ್ದು ಯಾರು ಅಂತ ಇವತ್ತಿಗೂ ಒಬ್ಬರೂ ಒಪ್ಪಲ್ಲ ಎಂದು ಆಗಾಗ ಹೇಳುತ್ತಿದ್ದರು.

ಮಳೆಗಾಲ ಮುಗಿದ ಸಮಯದಲ್ಲಿ ಲೇನಿನ ಕೊನೆಯ ಮನೆಯ ಅಜ್ಜಿ ತೀರಿಕೊಂಡಳು. ಎಲ್ಲರೂ ವ್ಯಾನು ಹತ್ತಿದೆವು. ಲೋವಿಸಕ್ಕನೂ ಹತ್ತಿ ಹಿಂದಿನ ಸೀಟಿನಲ್ಲಿ ಕೂತಿದ್ದರು. ಇನ್ನೇನು ಹೊರಡಬೇಕು, ಅಜ್ಜಿಯ ನಾದಿನಿ ಏದುಸಿರು ಬಿಡುತ್ತ ಬಂದಳು. ಜಾಗವಿರಲಿಲ್ಲ. ಲೋವಿಸಕ್ಕ ಸುಮ್ಮನೆ ಇಳಿದು, ಆಕೆಯನ್ನು ಕೂರಿಸಿ, ಹಿಂದಿನ ಬಾಗಿಲು ಹಾಕಿದರು. ಮುಂದೆ ಕೂತಿದ್ದ ಇಸಿಕೋಗೆ ಅದು ಕಾಣಲಿಲ್ಲ.

ಮುಂದಿನದನ್ನು ನನಗೆ ಲೋವಿಸಕ್ಕನೇ ಹೇಳಿದ್ದು. ಮನೆಗೆ ಹೋಗಿ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತಿದ್ದಾಗ ಪಕ್ಕದಲ್ಲಿ, ಅಂದರೆ ನನ್ನ ಮನೆಯ ಮುಂದೆ, ಕಬ್ಬಿಣದ ಸದ್ದು ಕೇಳಿಸಿತಂತೆ. ಎದ್ದು ಹೋಗಿ ನೋಡಿದರೆ ಹಸಿರು ಜಾಕೆಟ್ ತೊಟ್ಟ ಇಬ್ಬರು ನನ್ನ ಬಾಗಿಲಿನ ಬೀಗಕ್ಕೆ ಏನನ್ನೋ ತೂರಿಸುತ್ತಿದ್ದಾರೆ. ಲೋವಿಸಕ್ಕ ಕೂಗಲಿಲ್ಲ. ನೆಂಟರನ್ನು ಮಾತಾಡಿಸುವಂತೆ ಚೆನ್ನಾಗಿದ್ದೀರಾ ಎಂದು ಕೇಳಿದರು. ಕರೆಂಟ್ ಮೀಟರ್ ನೋಡೋಕೆ ಬಂದ್ವಿ ಅಮ್ಮ ಎಂದರು ಅವರು. ಮೀಟರ್ ಹೊರಗೆ ಗೋಡೆ ಮೇಲಿದೆಯಪ್ಪ ಎಂದರು ಇವರು. ಓಹೋ, ಮನೆ ತಪ್ಪಾಯ್ತು ಎಂದು ಇಬ್ಬರೂ ನಕ್ಕು ಹೊರಟರು. ಲೋವಿಸಕ್ಕ ಹಿತ್ತಿಲಿಗೆ ಬಂದು ಗೋಡೆಯ ಮರೆಯಲ್ಲಿ ನಿಂತರು. ಆ ಕಡೆಯ ಹಲಸಿನ ಮರದ ಕೆಳಗೆ ಒಬ್ಬ ಫೋನು ಹಚ್ಚಿದ್ದ.

"ಎಲ್ರನ್ನೂ ಹತ್ತಿಸ್ಕೊಂಡೆ ಅಂದಿದ್ಯಲ್ಲೋ ಇಸಿಕೋ? ಇಲ್ಲಿ ಮೀನಿನವಳು ಎದುರಿಗೇ ಬಂದು ನಿಂತ್ಳು."

ಅವನ ಬಾಯಿಂದ ಬಂದದ್ದು ಅಷ್ಟೇ. ಲೋವಿಸಕ್ಕ ಮತ್ತೆ ಕಲ್ಲಿನ ಮೇಲೆ ಕೂತರಂತೆ. ಕೈಗೆ ಬಟ್ಟೆ ತೆಗೆದುಕೊಂಡರೂ ಒಗೆಯಲಾಗಲಿಲ್ಲವಂತೆ. ಅವರ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಇಸಿಕೋನೂ ಒಬ್ಬ.

ಆ ವಾರದ ಸಭೆಯಲ್ಲಿ ಲೋವಿಸಕ್ಕ ಇಬ್ಬರು ಅಪರಿಚಿತರು ಬಂದಿದ್ದರೆಂದು ಮಾತ್ರ ತಿಳಿಸಿದರು. ಫೋನಿನ ವಿಷಯ ಎತ್ತಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಮಾತಾಡಿದವನು ಇಸಿಕೋ. ಕಾವಲು ಬಿಗಿಯಾಗಬೇಕು, ಊರಿಗೆ ಹೋಗುವವರು ಮುಂಚಿತವಾಗಿ ಸಮಿತಿಗೆ ತಿಳಿಸಬೇಕು ಎಂದ. ನಾವೆಲ್ಲ ತಲೆಯಾಡಿಸಿದೆವು. ಮರುದಿನ ಅವನು ಮೀನು ಕೊಳ್ಳಲು ಬಂದು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಕ್ಕ, ಅವತ್ತು ನೀವು ವ್ಯಾನಲ್ಲಿ ಇರ್ಲಿಲ್ವಾ? ನಾನು ಇದ್ದೀರಿ ಅಂತಲೇ ಅಂದ್ಕೊಂಡಿದ್ದೆ."

"ಜಾಗ ಇರ್ಲಿಲ್ಲ ಕಣಪ್ಪ, ಇಳಿದ್ಬಿಟ್ಟೆ."

"ಅವರ ಮುಖ ಏನಾದ್ರೂ ನೋಡಿದ್ರಾ?"

"ಎದುರು ಬಿಸಿಲು. ಈ ವಯಸ್ಸಿಗೆ ಯಾರ ಮುಖ ಕಾಣುತ್ತೆ, ಹೇಳು."

ಅವನು ನಕ್ಕು, ಮೀನು ಕಟ್ಟಿಸಿಕೊಂಡು ಹೋದ.

ಲೋವಿಸಕ್ಕ ಚೇರ್ಮನ್ನರ ಬಳಿ ಹೋಗಿ ಫೋನಿನ ಮಾತು ತಿಳಿಸಿದರು. ಚೇರ್ಮನ್ನರು ಕಿವಿಯ ಮೇಲೆ ಕೈಯಿಟ್ಟುಕೊಂಡರು. ಇಸಿಕೋ ಹೆಸರಿನವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ನಮ್ಮವನನ್ನು ಹೊರಗೆ ಹಾಕಿದರೆ ನಾಳೆ ನಮ್ಮ ಹೆಣ ಹೊರುವವರು ಯಾರು, ಇದನ್ನು ಇಲ್ಲಿಗೇ ಬಿಡು ಎಂದರು. ಲೋವಿಸಕ್ಕ ಬಿಡಲಿಲ್ಲ. ಮೀನು ತರುವ ಬುಟ್ಟಿ ಹಿಡಿದು, ಮಾರುಕಟ್ಟೆಗೆ ಹೋಗುವಂತೆ ಹೊರಟು, ಪೊಲೀಸ್ ಚೌಕಿಯ ಹಿಂದಿನ ಬಾಗಿಲಿನಿಂದ ಒಳಗೆ ಹೋದರು. ಅಲ್ಲಿದ್ದ ಅಪೊಲೋಟ್ ಎಂಬ ಹೆಂಗಸು ಅಧಿಕಾರಿ ಮಾತು ಮಾತಿಗೂ ಬಾಯಿ ಹಾಕದೆ ಪೂರ್ತಿ ಕೇಳಿದಳು. ಏನೂ ಕಳವಾಗಿಲ್ಲ, ಕೇಳಿಸಿಕೊಂಡವರು ನೀವೊಬ್ಬರೇ, ಇದರ ಮೇಲೆ ಯಾರನ್ನೂ ಹಿಡಿಯಲಾರೆ ಎಂದಳು. ಆದರೆ ಮುಂದಿನ ಸಲ ಲೇನಿನವರು ಮಣ್ಣಿಗೆ ಹೊರಡುವಾಗ ವ್ಯಾನು ಹತ್ತುವ ಮುಂಚೆ ನನಗೆ ತಿಳಿಸಿ ಎಂದಳು. ಲೋವಿಸಕ್ಕ ಒಂದೇ ಮಾತು ಕೇಳಿದ್ದು: ಅಲ್ಲಿಯವರೆಗೆ ಅವನ ಹೆಸರು ಈ ಗೋಡೆ ದಾಟಬಾರದು. ದಾಟುವುದಿಲ್ಲ ಎಂದಳು ಅಪೊಲೋಟ್.

ಮುಂದಿನ ಸಾವು ನಮ್ಮ ಮನೆಯದೇ ಆಯಿತು. ಕಮುಲಿಯ ಆಚೆಯ ಹಳ್ಳಿಯಲ್ಲಿ ನನ್ನ ದೊಡ್ಡಪ್ಪ ತೀರಿಕೊಂಡರು. ಫೋನು ಬಂದದ್ದೇ ನನ್ನ ಸಲೂನಿನ ಕುರ್ಚಿಯಲ್ಲಿ ಅರ್ಧ ಜಡೆ ಹೆಣೆದಿದ್ದ ಗಿರಾಕಿಯನ್ನು ಬಿಟ್ಟು ನಾನು ಲೋವಿಸಕ್ಕನ ಬಳಿ ಓಡಿದೆ. ಅವರು ನನ್ನನ್ನು ತಬ್ಬಿ, ಅಳಲು ಬಿಟ್ಟು, ಆಮೇಲೆ ಕೇಳಿದರು.

"ಪ್ರೊಸ್ಕೋ, ಇಸಿಕೋಗೆ ಹೇಳಿದ್ಯಾ?"

"ಇಲ್ಲ, ಈಗ ಹೋಗ್ತೀನಿ."

"ಸ್ವಲ್ಪ ಕೂತ್ಕೋ. ಹೋಗೋ ಮುಂಚೆ ನಿಂಗೊಂದು ವಿಷಯ ಗೊತ್ತಿರ್ಬೇಕು."

ನನಗೆ ಗೊತ್ತಾದದ್ದು ಆಗಲೇ. ಮೊದಲು ಬಂದದ್ದು ಸಿಟ್ಟು, ಅದೂ ಇಸಿಕೋನ ಮೇಲಲ್ಲ, ಲೋವಿಸಕ್ಕನ ಮೇಲೆ. ನನ್ನ ತಾಯಿಯನ್ನು ಎತ್ತಿಕೊಂಡು ಓಡಿದವನ ಬಗ್ಗೆ ಈ ಮಾತು ಹೇಗೆ ಬಾಯಿಗೆ ಬಂತು, ಗೋಡೆಯಾಚೆಯ ಮಾತು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದೆಲ್ಲ ಅಂದುಬಿಟ್ಟೆ. ಅವರು ತಿರುಗಿ ಏರಿಬರಲಿಲ್ಲ.

"ನಾನು ತಪ್ಪಾಗಿ ಕೇಳಿಸ್ಕೊಂಡಿದ್ರೆ ಪೊಲೀಸ್ನೋರು ನಿನ್ನ ಮನೇಲಿ ಒಂದು ದಿನ ಸುಮ್ನೆ ಕೂತು ಎದ್ದು ಹೋಗ್ತಾರೆ. ಇಸಿಕೋಗೆ ಗೊತ್ತೇ ಆಗಲ್ಲ. ಅವನ ಕೂದಲೂ ಕೊಂಕಲ್ಲ. ನಾನೂ ಅದೇ ಆಗ್ಲಿ ಅಂತ ದಿನಾ ಬೇಡ್ಕೋತಿದೀನಿ."

ಪೊಲೀಸರಿಗೆ ತಲುಪಿಸಲೆಂದು ಮನೆಯ ಇನ್ನೊಂದು ಬೀಗದಕೈ ಅವರ ಕೈಗೆ ಕೊಟ್ಟು, ಇಸಿಕೋನ ಮನೆಗೆ ಹೋಗಿ ವ್ಯಾನು ಬೇಕೆಂದೆ. ದೊಡ್ಡಪ್ಪ ಎಂಥ ಮನುಷ್ಯ ಎಂದು ಅವನು ಕಣ್ಣೊರೆಸಿಕೊಂಡ. ಆ ನೀರು ನಿಜವಾದದ್ದೇ. ಈಗಲೂ ನಾನು ಹಾಗೇ ನಂಬಿದ್ದೇನೆ.

ಮರುದಿನ ಬೆಳಿಗ್ಗೆ ಎಲ್ಲರೂ ಹತ್ತುವಾಗ ಲೋವಿಸಕ್ಕ ಹೋಗಿ ಮುಂದಿನ ಸೀಟಿನಲ್ಲಿ, ಇಸಿಕೋನ ಪಕ್ಕದಲ್ಲೇ ಕೂತರು. ತಾವು ವ್ಯಾನಿನಲ್ಲಿರುವುದು ಅವನಿಗೆ ಚೆನ್ನಾಗಿ ಕಾಣಬೇಕೆಂದು. ನಾನು ಅವರ ಹಿಂದೆ ಇದ್ದೆ. ಕಬ್ಬಿನ ಲಾರಿಗಳ ಹಿಂದೆ ನಿಧಾನವಾಗಿ ಸಾಗುವ ದಾರಿ ಅದು. ಇಸಿಕೋ ಹರಟೆ ಹೊಡೆಯುತ್ತಲೇ ಇದ್ದ. ಬುವೆಂಗೆಯಲ್ಲಿ ನಿಲ್ಲಿಸಿ ಸುಟ್ಟ ಜೋಳ ಕೊಂಡು ಲೋವಿಸಕ್ಕನಿಗೂ ಒಂದು ಕೊಟ್ಟ. ಅವರ ಗಂಡ ಬದುಕಿದ್ದಾಗ ಇದೇ ದಾರಿಯಲ್ಲಿ ಹಾಡುತ್ತ ಬರುತ್ತಿದ್ದುದನ್ನು ನೆನೆಸಿಕೊಂಡ. ಲೋವಿಸಕ್ಕ ಹೌದು ಹೌದೆನ್ನುತ್ತ ಜೋಳದ ಕಾಳು ಒಂದೊಂದಾಗಿ ಬಿಡಿಸಿ ತಿಂದರು. ಹಿಂದಿನಿಂದ ನನಗೆ ಕಾಣುತ್ತಿದ್ದುದು ಅವರ ಕುತ್ತಿಗೆ ಮಾತ್ರ. ಬೆಳಗಿನ ತಂಪಿನಲ್ಲೂ ಅದು ಬೆವರಿತ್ತು.

ದೊಡ್ಡಪ್ಪನ ಅಂಗಳದಲ್ಲಿ ಟಾರ್ಪಾಲು ಕಟ್ಟಿದ್ದರು. ಹೆಂಗಸರು ಚಾಪೆಗಳ ಮೇಲೆ ಕೂತಿದ್ದರು, ಹಿತ್ತಿಲಲ್ಲಿ ದೊಡ್ಡ ಪಾತ್ರೆಗಳಲ್ಲಿ ಸಿಹಿಗೆಣಸು ಬೇಯುತ್ತಿತ್ತು. ಪ್ರಾರ್ಥನೆ ಮುಗಿದು, ಪೆಟ್ಟಿಗೆ ಇಳಿಸಿ, ಇಸಿಕೋ ಎಂದಿನಂತೆ ಗುದ್ದಲಿ ಹಿಡಿದು ಮಣ್ಣು ಎಳೆದ. ಊಟಕ್ಕೆ ಕೂರುವ ಹೊತ್ತಿಗೆ ಲೋವಿಸಕ್ಕನ ಫೋನು ಸದ್ದು ಮಾಡಿತು. ಅವರು ಸ್ವಲ್ಪ ದೂರ ಹೋಗಿ ಮಾತಾಡಿ, ನನ್ನ ಕಡೆ ನೋಡಿ ಕಣ್ಣು ಮುಚ್ಚಿ ತೆರೆದರು. ಇಬ್ಬರು ಸಿಕ್ಕಿದ್ದರು, ನನ್ನ ಮನೆಯ ಒಳಗೇ, ನನ್ನ ಟೀವಿಯ ತಂತಿ ಬಿಚ್ಚುತ್ತಿರುವಾಗ. ಅವರ ಫೋನಿನಲ್ಲಿ ಇಸಿಕೋ ಬೆಳಿಗ್ಗೆ ಮಾಡಿದ ಕರೆಯಿತ್ತು. ಕಮುಲಿಯಿಂದ ಪೊಲೀಸರು ಹೊರಟಿದ್ದಾರೆ, ಅಲ್ಲಿಯವರೆಗೆ ಸುಮ್ಮನಿರಿ ಎಂದಿದ್ದಳು ಅಪೊಲೋಟ್.

ಸುಮ್ಮನಿರಲು ಆಗಲಿಲ್ಲ. ಲೇನಿನಲ್ಲಿ ಉಳಿದಿದ್ದ ಯಾರೋ ಪೊಲೀಸ್ ಜೀಪು ಕಂಡು, ವಿಷಯ ಕೇಳಿ, ನಮ್ಮ ಜೊತೆ ಬಂದಿದ್ದವರಿಗೆ ಫೋನು ಮಾಡಿಬಿಟ್ಟಿದ್ದರು. ಇಸಿಕೋನ ಹೆಸರು ಚಾಪೆಯಿಂದ ಚಾಪೆಗೆ ಹರಿಯಿತು. ಮುಕೋಸೆ ಮೇಷ್ಟರು ತಟ್ಟೆ ಕೆಳಗಿಟ್ಟು ಎದ್ದರು. ಗಂಡಸರು ಒಬ್ಬೊಬ್ಬರಾಗಿ ಗುಂಡಿಯ ಕಡೆ ನಡೆದರು. ಗುದ್ದಲಿಗಳು ಅಲ್ಲೇ ಬಿದ್ದಿದ್ದವು. ಇಸಿಕೋ ಎಲ್ಲರ ಮುಖ ನೋಡಿದ. ಏನೂ ಕೇಳದೆ ಕೈ ಒರೆಸಿಕೊಂಡು ವ್ಯಾನಿನ ಕಡೆ ಹೊರಟ. ಲೋವಿಸಕ್ಕ ಅವನಿಗಿಂತ ಮೊದಲು ವ್ಯಾನಿನ ಬಾಗಿಲಿನಲ್ಲಿದ್ದರು.

"ಕೀ ಕೊಡು ಇಸಿಕೋ."

"ಅಕ್ಕ, ದಾರಿ ಬಿಡಿ."

"ಓಡಿಸ್ಕೊಂಡು ಹೋದ್ರೆ ಮುಂದಿನ ಊರಲ್ಲಿ ಅಡ್ಡಗಟ್ತಾರೆ. ಆಗ್ಲೇ ಫೋನ್ ಮಾಡ್ತಿದಾರೆ, ನೋಡು. ಅಲ್ಲಿ ನಿನ್ನ ಹಿಡಿಯೋರು ಪೊಲೀಸ್ನೋರಾಗಿರಲ್ಲ. ಕೀ ಕೊಟ್ಟು ಒಳಗೆ ಕೂತ್ಕೋ."

ಅವನು ಕೊಟ್ಟ. ಒಳಗೆ ಹೋಗಿ ಸೀಟುಗಳ ನಡುವೆ ಮುದುರಿ ಕೂತ. ನಾನು ಹೋಗಿ ಲೋವಿಸಕ್ಕನ ಪಕ್ಕದಲ್ಲಿ ನಿಂತೆ. ನನ್ನ ಮನೆಗೇ ಕನ್ನ ಹಾಕಿಸಿದವನಿಗೆ ಯಾಕೆ ಅಡ್ಡ ನಿಂತೆ ಎಂದರೆ ಹೇಳಲು ಗೊತ್ತಾಗುವುದಿಲ್ಲ. ಅವರೊಬ್ಬರೇ ನಿಂತಿದ್ದುದು ನೋಡಲಾಗಲಿಲ್ಲ, ಅಷ್ಟೇ. ಗಂಡಸರು ಸುತ್ತುಗಟ್ಟಿದರು. ನಮ್ಮ ಲೇನಿನವರಿಗಿಂತ ಹಳ್ಳಿಯವರೇ ಹೆಚ್ಚು. ಅವರಿಗೆ ಇಸಿಕೋ ಯಾರೆಂದೂ ಗೊತ್ತಿರಲಿಲ್ಲ. ಸಾವಿನ ಮನೆಯವರನ್ನು ದೋಚುವವನಿಗೆ ಪೊಲೀಸ್ ಯಾಕೆ ಎಂದರು. ಅವನನ್ನು ಹಿಡಿಸಿದ್ದು ನಾನೇ, ಒಪ್ಪಿಸುವುದೂ ನಾನೇ ಎಂದರು ಲೋವಿಸಕ್ಕ. ಯಾರೋ ಅವರ ತೋಳು ಹಿಡಿದು ಎಳೆದರು. ಒಂದು ಕಲ್ಲು ಬಂದು ವ್ಯಾನಿನ ಗಾಜು ಒಡೆಯಿತು. ಒಳಗಿನಿಂದ ಇಸಿಕೋ ಅಳುವುದು ಕೇಳಿಸುತ್ತಿತ್ತು.

ಆಗ ನನ್ನ ದೊಡ್ಡಮ್ಮ ಬಂದರು. ಬೆಳಗಿನಿಂದ ಇಬ್ಬರು ಹಿಡಿದುಕೊಂಡೇ ನಡೆಸುತ್ತಿದ್ದ ಹೆಂಗಸು, ಈಗ ಒಬ್ಬರೇ, ಗಂಡ ಸತ್ತ ಗುರುತಿಗೆ ಸೊಂಟಕ್ಕೆ ಕಟ್ಟಿದ್ದ ಬಾಳೆನಾರು ಹಾಗೇ ಇತ್ತು. ಜನರ ನಡುವೆ ದಾರಿ ಮಾಡಿಕೊಂಡು ಬಂದು ವ್ಯಾನಿನ ಮೆಟ್ಟಿಲ ಮೇಲೆ ಕೂತರು.

"ನನ್ನ ಗಂಡನ ಮೇಲಿನ ಮಣ್ಣು ಇನ್ನೂ ಹಸಿ ಇದೆ," ಎಂದರು. "ಇದೇ ಅಂಗಳದಲ್ಲಿ ನಿಮಗೆ ಇನ್ನೊಂದು ಹೆಣ ಬೇಕಾ? ಬೇಕಿದ್ರೆ ನನ್ನ ದಾಟಿ ಹೋಗಿ."

ಯಾರೂ ದಾಟಲಿಲ್ಲ. ಗುದ್ದಲಿಗಳು ಕೆಳಗಿಳಿದವು. ಕೆಲವರು ಬೈದುಕೊಳ್ಳುತ್ತ ಊಟಕ್ಕೆ ಹಿಂದಿರುಗಿದರು, ಕೆಲವರು ಅಲ್ಲೇ ನಿಂತರು. ಪೊಲೀಸರು ಬರುವವರೆಗೂ ದೊಡ್ಡಮ್ಮ ಮೆಟ್ಟಿಲು ಬಿಟ್ಟು ಏಳಲಿಲ್ಲ. ಇಸಿಕೋನ ಕೈಗೆ ಕೋಳ ಹಾಕಿ ಇಳಿಸುವಾಗ ಅವನು ಆಕೆಯ ಕಾಲು ಮುಟ್ಟಲು ಬಗ್ಗಿದ. ಆಕೆ ಕಾಲು ಹಿಂದಕ್ಕೆಳೆದುಕೊಂಡರು.

ಲೇನಿನಲ್ಲಿ ಲೋವಿಸಕ್ಕನನ್ನು ಹೊಗಳುತ್ತಾರೆಂದು ನಾನು ತಿಳಿದಿದ್ದೆ. ಮೊದಲ ಕೆಲವು ದಿನ ಹಾಗೇ ಆಯಿತು. ಆಮೇಲೆ ಮತ್ತೊಂದು ಸಾವು ಬಂತು, ವ್ಯಾನಿಲ್ಲ. ಬೇರೆ ಗಾಡಿಯವರು ಬಾಯಿಗೆ ಬಂದಷ್ಟು ಕೇಳಿದರು, ಅರ್ಧ ಜನ ಹೋಗಲೇ ಇಲ್ಲ. ಟೀವಿ ಹೋದರೆ ಮತ್ತೊಂದು ಬರುತ್ತಿತ್ತು, ಇಸಿಕೋನಂಥವನು ಎಲ್ಲಿ ಸಿಗುತ್ತಾನೆ ಎಂದು ಜನ ಹೇಳತೊಡಗಿದರು. ಹಾಸಿಗೆ ಕಳೆದುಕೊಂಡ ಮುಕೋಸೆ ಮೇಷ್ಟರ ಬಾಯಲ್ಲೂ ಅದೇ ಮಾತು. ಪಕ್ಕದಲ್ಲೇ ಕೂತು ಜೋಳ ತಿಂದು ಹಿಡಿಸಿಕೊಟ್ಟಳಂತೆ ಎಂದು ಕೆಲವರು ಮೀನು ಕೊಳ್ಳಲು ಮುಂದಿನ ಬೀದಿಗೆ ಹೋದರು. ಲೋವಿಸಕ್ಕ ಮೀನು ಸ್ವಲ್ಪ ಕಡಿಮೆ ತರತೊಡಗಿದರು. ಯಾರ ಹತ್ತಿರವೂ ವಾದಕ್ಕೆ ನಿಲ್ಲಲಿಲ್ಲ.

ನ್ಯಾಯಾಲಯದಲ್ಲಿ ಇಸಿಕೋ ತಪ್ಪು ಒಪ್ಪಿಕೊಂಡ. ಮೊದಮೊದಲು ಹಳೆಯ ಗೆಳೆಯರು ಲೇನು ಯಾವ ದಿನ ಖಾಲಿ ಇರುತ್ತದೆ ಎಂದು ಕೇಳಿದ್ದಕ್ಕೆ ಹರಟೆಯ ನಡುವೆ ಹೇಳಿದ್ದನಂತೆ. ಆಮೇಲೆ ಪಾಲು ಬರತೊಡಗಿತು. ಬೇಡ ಎನ್ನಲು ಧೈರ್ಯವಾಗಲಿಲ್ಲವಂತೆ. ಸಾಕ್ಷಿ ಹೇಳಲು ಬಂದಿದ್ದ ನಾನು, ಲೋವಿಸಕ್ಕ ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಅವನನ್ನು ಆ ದಾರಿಯಲ್ಲೇ ಕರೆದೊಯ್ದರು. ನಮ್ಮನ್ನು ಕಂಡು ನಿಂತ.

"ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ಕೂತಿದ್ರಿ, ಅಕ್ಕ."

"ಹೌದು. ಕೂತಿದ್ದೆ."

"ಒಂದು ಮಾತು ಹೇಳ್ಬಹುದಿತ್ತು."

"ಹೇಳ್ಬಹುದಿತ್ತು. ನಿನಗೂ ಹೇಳೋಕೆ ಅಷ್ಟೇ ದಾರಿ ಇತ್ತು."

ಅವನು ತಲೆ ತಗ್ಗಿಸಿಕೊಂಡು ಹೋದ. ಲೋವಿಸಕ್ಕ ಆ ದಿನವಿಡೀ ಏನೂ ತಿನ್ನಲಿಲ್ಲ.

ಇಸಿಕೋನ ಹೆಂಡತಿ ಜೆಸ್ಕಾ ಮತ್ತು ಮಕ್ಕಳು ಲೇನಿನಲ್ಲೇ ಉಳಿದರು. ಅವಳಿಗೆ ಏನೂ ಗೊತ್ತಿರಲಿಲ್ಲ ಎಂದರೆ ಯಾರೂ ನಂಬಲಿಲ್ಲ. ನಲ್ಲಿಯ ಹತ್ತಿರ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಯಾರೋ ಅವಳ ಕಿಟಕಿಗೆ ಕಲ್ಲು ಹೊಡೆದರು. ಲೋವಿಸಕ್ಕ ಸಭೆಯಲ್ಲಿ ಎದ್ದು, ಆ ಮನೆಯೂ ಈ ಲೇನಿನದೇ, ನನ್ನ ಕಾವಲು ಅದಕ್ಕೂ ಸೇರಿದ್ದು, ಕಲ್ಲು ಹೊಡೆದವರ ಹೆಸರು ಸಿಕ್ಕರೆ ಅದನ್ನೂ ಚೌಕಿಗೆ ಕೊಡುತ್ತೇನೆ ಎಂದರು. ಮತ್ತೆ ಕಲ್ಲು ಬೀಳಲಿಲ್ಲ. ಆದರೆ ಜೆಸ್ಕಾ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಗಂಡನನ್ನು ಜೈಲಿಗೆ ಕಳಿಸಿದವರಲ್ಲವೇ.

ಹೀಗೇ ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ನಾನು ಸಲೂನು ತೆರೆಯುವ ಮುಂಚೆ ಲೋವಿಸಕ್ಕನ ಒಲೆಯ ಬಳಿ ಚಹಾ ಕುಡಿಯುತ್ತಿದ್ದೆ. ಜೆಸ್ಕಾ ಚಿಕ್ಕ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದು, ನಮ್ಮಿಂದ ಸ್ವಲ್ಪ ದೂರದಲ್ಲಿ ನಿಂತಳು. ಬೈಯಲು ಬಂದಳೇನೋ ಎಂದುಕೊಂಡೆ. ಅವಳು ನೆಲ ನೋಡುತ್ತ ಹೇಳಿದಳು: ಒಬ್ಬ ಬೈಕಿನಲ್ಲಿ ಬರುತ್ತಿದ್ದಾನೆ, ಗಂಡನ ಗೆಳೆಯ ಎನ್ನುತ್ತಾನೆ, ಇಸಿಕೋ ಬಚ್ಚಿಟ್ಟದ್ದು ಎಲ್ಲಿದೆ ಎಂದು ಕೇಳುತ್ತಾನೆ. ತನಗೆ ಗೊತ್ತಿಲ್ಲವೆಂದರೆ ಮಕ್ಕಳು ಯಾವ ದಾರಿಯಲ್ಲಿ ಶಾಲೆಗೆ ಹೋಗುತ್ತವೆ ಎಂದು ಗೊತ್ತು ಎನ್ನುತ್ತಾನೆ.

"ನಿಮಗೆ ಹೇಳ್ಬಾರ್ದು ಅಂತಲೇ ಇದ್ದೆ," ಎಂದಳು. "ಆದ್ರೆ ನಂಗೆ ಬೇರೆ ಯಾರಿದಾರೆ ಹೇಳೋಕೆ."

"ಮಕ್ಕಳು ಈಗ ಎಲ್ಲಿದಾರೆ?"

"ಮನೇಲೇ. ಹೊರಗೆ ಬಿಟ್ಟಿಲ್ಲ."

ಲೋವಿಸಕ್ಕ ಬಾಣಲೆ ಇಳಿಸಿದರು. ಕೈ ತೊಳೆದು, ಮಕ್ಕಳನ್ನು ಕರೆತಂದು ಸಲೂನಿನಲ್ಲಿ ಕೂರಿಸಿಕೋ ಎಂದು ನನಗೆ ಹೇಳಿ, ಜೆಸ್ಕಾಳ ಜೊತೆ ಚೌಕಿಯ ಕಡೆ ನಡೆದರು. ಈ ಸಲ ಮುಂದಿನ ಬಾಗಿಲಿನಿಂದಲೇ ಒಳಗೆ ಹೋದರಂತೆ. ಜೆಸ್ಕಾ ಮಾತಾಡಲು ತಡವರಿಸಿದಾಗಲೆಲ್ಲ ಅಪೊಲೋಟ್ ಕಾದಳಂತೆ. ಅವನು ಮತ್ತೆ ಬಂದಾಗ ಸಿಕ್ಕಿಬಿದ್ದ. ಜೆಸ್ಕಾಳ ಮನೆಯಲ್ಲಿ ಬಚ್ಚಿಟ್ಟದ್ದೇನೂ ಇರಲಿಲ್ಲವೆಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಈಗ ಯಾರದೇ ಮಣ್ಣಾದರೂ ಸರದಿಯ ಪ್ರಕಾರ ಕೆಲವು ಮನೆಯವರು ಲೇನಿನಲ್ಲಿ ಉಳಿಯುತ್ತಾರೆ. ಹೋಗಲಾಗದ್ದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ. ಗಾಡಿಯ ತೊಂದರೆ ಹಾಗೇ ಇದೆ. ಸಮಿತಿಯ ಸಭೆಗೆ ಜೆಸ್ಕಾ ಬರುತ್ತಾಳೆ. ಮೊದಲು ಬಾಗಿಲ ಹತ್ತಿರ ಕೂರುತ್ತಿದ್ದಳು, ಈಚೆಗೆ ಹೆಂಗಸರ ನಡುವೆ ಕೂರುತ್ತಾಳೆ. ಹೆಚ್ಚು ಮಾತಾಡುವುದಿಲ್ಲ. ಹೋದ ಸಲ ಮಗು ಅತ್ತಾಗ ಮುಕೋಸೆ ಮೇಷ್ಟರ ಹೆಂಡತಿ ಕೈಚಾಚಿ ಎತ್ತಿಕೊಂಡಳು.